ಊರು ಎಂಬ ಕಾಲಂ

ಮೊನ್ನೆ ಮೂಡುಬಿದಿರೆಯಲ್ಲಿ ಬಂಟ್ವಾಳದ ಬಸ್ಸು ಹತ್ತಿ ಕುಳಿತಿದ್ದೆ. ಪಕ್ಕಕ್ಕೆ ಬಂದ ಹೆಂಗಸು ತೊಡೆಯ ಮೇಲೆ ಬಟ್ಟೆಯ ಚೀಲವೊಂದನ್ನು ಇಟ್ಟುಕೊಂಡಳು. ಬಸ್ಸು ಎರಡು ತಿರುವು ದಾಟುವಷ್ಟರಲ್ಲಿ ಬೀಡಿ ಎಲೆ ಮತ್ತು ಹೊಗೆಸೊಪ್ಪಿನ ಒಣ ಘಾಟು ಮೂಗಿಗೆ ಬಡಿದು ನನಗೆ ಎರಡು ಸೀನು ಬಂತು. ಆಕೆ ಏನೋ ತಪ್ಪು ಮಾಡಿದವಳ ಹಾಗೆ ಚೀಲವನ್ನು ಆಚೆ ಸರಿಸಿ, "ಕಂಪೆನಿಯ ಬ್ರಾಂಚಿಗೆ ಕೊಡ್ಲಿಕ್ಕೆ ಉಂಟು, ಬೀಡಿ" ಎಂದಳು. ಇರಲಿ ಬಿಡಿ, ನನಗೆ ಅಭ್ಯಾಸ ಉಂಟು ಎಂದೆ. ನಿಜವಾಗಿಯೂ ಉಂಟು. ನಾಲ್ಕು ವರ್ಷ ನಾನು ಆ ಘಾಟಿನ ನಡುವೆಯೇ ಕೆಲಸ ಮಾಡಿದ್ದೇನೆ. ಬಸ್ಸು ಬಂಟ್ವಾಳ ಮುಟ್ಟುವವರೆಗೂ ನಾನು ಇದ್ದದ್ದು ಕಾಯರ್‌ಪಾದೆಯಲ್ಲಿ, ಕೊರೊನಾ ಮುಗಿದ ಮೇಲಿನ ಎರಡನೆಯ ಮಳೆಗಾಲದಲ್ಲಿ.

ಕಾಯರ್‌ಪಾದೆ ಇರುವುದು ನಾರಾವಿಯಿಂದ ಒಳಗೆ, ಒಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಿ ಏರಿದರೆ ಸಿಗುವ ಕಲ್ಲುಗುಡ್ಡದ ಮೇಲೆ. ಅಲ್ಲಿಯ ಪಂಚಾಯತ್ ಲೈಬ್ರರಿ ನನ್ನ ಸುಪರ್ದಿಯಲ್ಲಿತ್ತು. ಆಗಷ್ಟೇ ಅದಕ್ಕೆ 'ಅರಿವು ಕೇಂದ್ರ' ಎಂದು ಹೊಸ ಬೋರ್ಡು ಬಂದಿತ್ತು. ಜನ ಮಾತ್ರ ಅದನ್ನು ಲೈಬ್ರರಿ ಎಂದೂ ನನ್ನನ್ನು ಟೀಚರ್ ಎಂದೂ ಕರೆಯುತ್ತಿದ್ದರು. ನಾನು ಯಾರಿಗೂ ಏನೂ ಕಲಿಸಿದವಳಲ್ಲ. ಬರುವವರು ಹೆಚ್ಚಿನವರು ಬೀಡಿ ಕಟ್ಟುವ ಹೆಂಗಸರು. ಅವರ ಕೈಯಿಂದ ಪೇಪರಿಗೆ, ಪೇಪರಿನಿಂದ ನನ್ನ ಸೀರೆಗೆ ಆ ಘಾಟು ಹತ್ತುತ್ತಿತ್ತು. ಪುಸ್ತಕ ಒಯ್ಯುವವರು ಕಡಿಮೆ, ಅರ್ಜಿ ಬರೆಸಿಕೊಳ್ಳುವವರು ಜಾಸ್ತಿ. ಅರ್ಜಿ ಬರೆಯುವುದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. "ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ" ಎಂದು ನಾನು ಶುರು ಮಾಡಿದರೆ ದಾರಿದೀಪ ತಾನಾಗಿ ಉರಿಯುತ್ತದೆ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು.

ಲೈಬ್ರರಿಗೆ ತಾಗಿಕೊಂಡೇ ಅಂಗನವಾಡಿ. ತಿಂಗಳಿಗೊಂದು ಗುರುವಾರ ಆರೋಗ್ಯ ಕೇಂದ್ರದ ಸಿಸ್ಟರ್ ತಂಪು ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಬರುತ್ತಿದ್ದರು, ಮಕ್ಕಳಿಗೆ ಸೂಜಿ ಹಾಕುತ್ತಿದ್ದರು. ನಮ್ಮಲ್ಲಿ ಲಸಿಕೆ ಎಂದು ಯಾರೂ ಹೇಳುವುದಿಲ್ಲ. ಒಂದೂವರೆ ತಿಂಗಳ ಸೂಜಿ, ಒಂಬತ್ತು ತಿಂಗಳ ಸೂಜಿ ಎಂದೇ ಹೆಸರು. ಆ ವರ್ಷ ಬೇಸಗೆಯಲ್ಲಿ ಅದು ನಿಂತಿತು. ಕಾಯರ್‌ಪಾದೆಯಲ್ಲಿ ಮಕ್ಕಳು ಕಡಿಮೆ, ಇನ್ನು ಮುಂದೆ ತೋಡಿನ ಆಚೆಯ ಊರಿಗೆ ಹೋಗಬೇಕು ಎಂದು ನಮ್ಮ ಆಶಾ ಕಾರ್ಯಕರ್ತೆ ವನಜ ಬಂದು ಹೇಳಿದಳು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ತೋಡಿನ ಆಚೆ ಎಂದರೆ ಏನು ಎನ್ನುವುದು ಲೈಬ್ರರಿಗೆ ಬರುವ ಬೀಡಿ ಕಟ್ಟುವವರಲ್ಲಿ ಒಬ್ಬರಾದ ನೆಬಿಸಕ್ಕನಿಗೆ ಗೊತ್ತಾಯಿತು. ಅವರ ಮಗಳು ಮುಮ್ತಾಜ್ ಬಾಣಂತನಕ್ಕೆಂದು ಬಂಟ್ವಾಳದಿಂದ ತಾಯಿಮನೆಗೆ ಬಂದವಳು ಅಲ್ಲಿಯೇ ಉಳಿದಿದ್ದಳು. ಗಂಡ ಸೌದಿಯಲ್ಲಿ, ಅತ್ತೆ ತೀರಿಹೋಗಿದ್ದಾರೆ, ಬಂಟ್ವಾಳದ ಮನೆಗೆ ಬೀಗ. ಮಗುವಿನ ಹೆಸರು ಹಿಬಾ. ಅಜ್ಜಿ ಮತ್ತು ಮಗಳು ಬಾಕಿಯಾದ ಸೂಜಿಗೆಂದು ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ತೋಡು ದಾಟಿ ಬಸ್ಸು ಹಿಡಿದು ಹೋದರೆ, ಆ ದಿನ ಬಂದದ್ದು ಇವರೊಬ್ಬರ ಮಗು. ಒಂದು ಮಗುವಿಗಾಗಿ ಬಾಟಲಿ ಒಡೆದರೆ ಉಳಿದದ್ದು ಹಾಳು, ಇನ್ನೊಮ್ಮೆ ಬನ್ನಿ ಎಂದರು ಸಿಸ್ಟರ್. ಇನ್ನೊಮ್ಮೆ ಹೋಗುವ ದಿನ ತೋಡು ತುಂಬಿತ್ತು.

"ನನಗೆ ಸಿಟ್ಟು ಬರುವುದಿಲ್ಲ ಟೀಚರೇ, ಹೆದರಿಕೆ ಆಗ್ತದೆ" ಎಂದರು ನೆಬಿಸಕ್ಕ. ಲೈಬ್ರರಿಯ ಬೆಂಚಿನ ಮೇಲೆ ಕುಳಿತು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಲೇ ಅವರು ಮಾತಾಡುವುದು. ತಡ್ಪೆ ಎಂದರೆ ಮೊರ. "ನನ್ನ ಮಗ ಅಬ್ದುಲ್ಲ ಹೋದದ್ದು ದಡಾರದಲ್ಲಿ. ಎರಡು ವರ್ಷ ಆಗಿತ್ತು. ಮೈಯೆಲ್ಲ ಕೆಂಪಾಯಿತು, ಮತ್ತೆ ಎದೆಯಲ್ಲಿ ಕಫ ಕಟ್ಟಿತು. ಆಗ ಇಲ್ಲಿಗೆ ಯಾರೂ ಬರ್ತಾ ಇರ್ಲಿಲ್ಲ. ಈಗ ಬರುವವರು ಬಂದು, ಬರುವುದು ನಿಲ್ಲಿಸಿದ್ದಾರೆ. ಹಿಬಾಳಿಗೆ ಸೋಣ ತಿಂಗಳಲ್ಲಿ ಒಂಬತ್ತು ತುಂಬ್ತದೆ."

ಒಂಬತ್ತು ತಿಂಗಳ ಸೂಜಿ ದಡಾರದ್ದೇ, ಸೋಣವೋ ಆಗಸ್ಟ್ ನಡುವಿಗೆ ಬರುವ ತುಳು ತಿಂಗಳು. ಅಬ್ದುಲ್ಲನ ವಿಷಯ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅದೇ ವಾರ ಮೂಡುಬಿದಿರೆಯ ಒಂದು ಕಾಲೇಜಿನ ಮಕ್ಕಳು ವ್ಯಾನಿನಲ್ಲಿ ಬಂದಿಳಿದರು. ಕೈಯಲ್ಲಿ ಭೂಪಟದ ಬ್ಯಾನರು, ಒಂದು ಕಟ್ಟು ಪೋಸ್ಟ್ ಕಾರ್ಡು. ಜಗತ್ತಿನ ಪ್ರತಿ ಮಗುವಿಗೂ ಲಸಿಕೆ ಸಿಗಬೇಕು, ಬಡ ದೇಶಗಳ ಮಕ್ಕಳಿಗಾಗಿ ಸರಕಾರಗಳು ಹಣ ಕಡಿಮೆ ಮಾಡಬಾರದು ಎಂದು ಜನಪ್ರತಿನಿಧಿಗಳಿಗೆ ಕಾರ್ಡು ಬರೆಸುವ ಕಾರ್ಯಕ್ರಮವಂತೆ. ರಾಯಚೂರು ಕಡೆಯ ಹುಡುಗಿಯೊಬ್ಬಳು ಆಫ್ರಿಕಾವನ್ನು ಬೆರಳಿಟ್ಟು ತೋರಿಸಿ ಬಹಳ ಚೆಂದ ಮಾತಾಡಿದಳು. ನೆಬಿಸಕ್ಕ ಬೀಡಿಗೆ ನೂಲು ಸುತ್ತುತ್ತಾ ಎಲ್ಲವನ್ನೂ ಕೇಳಿದರು.

"ಮಗಾ, ಈ ಜಗತ್ತಿನಲ್ಲಿ ಕಾಯರ್‌ಪಾದೆ ಸೇರಿ ಉಂಟಾ, ಅಲ್ಲ ಅದು ಬೇರೆಯಾ?"

ಹುಡುಗಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ವಿಷಯ ಏನೆಂದು ಕೇಳಿದಳು. ಕೇಳಿಸಿಕೊಂಡ ಮೇಲೆ ಉಳಿದ ಖಾಲಿ ಕಾರ್ಡುಗಳನ್ನು ನನ್ನ ಮೇಜಿನ ಮೇಲಿಟ್ಟು, "ಮ್ಯಾಮ್, ಇವು ನಿಮಗೇ ಹೆಚ್ಚು ಬೇಕಾಗ್ತಾವ" ಎಂದು ಹೇಳಿ ಹೋದಳು. ಕಾರ್ಡಿನಲ್ಲಿ ಏನಾಗುತ್ತದೆ ಎಂದು ನಾನು ಅವನ್ನು ಕಪಾಟಿಗೆ ಹಾಕಿದೆ. ನಮ್ಮಲ್ಲಿ ಅರ್ಜಿ ಇರುವಾಗ ಕಾರ್ಡು ಯಾಕೆ ಎಂಬ ಅಹಂಕಾರ ನನ್ನದು.

ಜುಲೈ ನಡುವಿಗೆ ಆಟಿ ತಿಂಗಳು ಹಿಡಿದ ಕೂಡಲೇ ಸಹಿ ಸಂಗ್ರಹಕ್ಕೆ ಹೊರಟೆ. ಮೊದಲ ಮೂರು ಮನೆಯಲ್ಲಿ ಸಹಿ ಸಿಗಲಿಲ್ಲ. "ಲಸಿಕೆ ಕೇಂದ್ರಕ್ಕಾಗಿ ಮನವಿ" ಎಂದು ಓದಿದ ಕೂಡಲೇ, "ನಮಗೆ ಎರಡೂ ಆಗಿದೆ ಟೀಚರ್, ಮೊಬೈಲಿನಲ್ಲಿ ಸರ್ಟಿಫಿಕೇಟ್ ಉಂಟು" ಎಂದು ಬಾಗಿಲು ಎಳೆದುಕೊಂಡರು. ಲಸಿಕೆ ಎಂಬ ಶಬ್ದವನ್ನು ಕೊರೊನಾ ನುಂಗಿಬಿಟ್ಟಿತ್ತು. ನಾನು ಮನೆಗೆ ಬಂದು ಹೊಸ ಹಾಳೆಯಲ್ಲಿ "ಮಕ್ಕಳ ಸೂಜಿಗಾಗಿ" ಎಂದು ಬರೆದೆ. ಬರೆಯುವಾಗ ಕೈ ಸ್ವಲ್ಪ ಹಿಂಜರಿಯಿತು, ಅದೆಂಥ ಭಾಷೆ ಎಂದು. ಮರುದಿನ ಪ್ರತಿ ಮನೆಯಲ್ಲೂ ಸಹಿ ಸಿಕ್ಕಿತು, ಎರಡು ಕಡೆ ಚಹಾ ಕೂಡ.

ಪಟ್ಟಿಗೆ ನಾನು ಗೆರೆ ಎಳೆದು ಕಾಲಂ ಮಾಡಿದ್ದೆ. ಮಗುವಿನ ಹೆಸರು, ತಾಯಿಯ ಹೆಸರು, ಊರು, ಸಹಿ. "ಊರು ಯಾವುದು?" ಎಂದು ಪ್ರತಿಯೊಬ್ಬಳನ್ನೂ ಕೇಳಿದೆ. ಪ್ರತಿಯೊಬ್ಬಳೂ ಹೇಳಿದಳು. ಲಾಯಿಲ, ಬಂಟ್ವಾಳ, ಮೂಡುಬಿದಿರೆ, ವೇಣೂರು. ಹೇಳಿದ್ದನ್ನು ನಾನು ದುಂಡಗೆ ಬರೆದೆ. ಹದಿನೇಳು ಮಕ್ಕಳು. ಪಂಚಾಯತಿನ ಸೀಲು ಹಾಕಿಸಿ ಆರೋಗ್ಯ ಇಲಾಖೆಗೆ ಕಳುಹಿಸಿದೆ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಆಟಿ ಮುಗಿಯುವ ಹೊತ್ತಿಗೆ ಉತ್ತರ ಬಂತು. ಪಟ್ಟಿಯಲ್ಲಿರುವ ಹದಿನೇಳು ಮಕ್ಕಳಲ್ಲಿ ಆ ಊರಿನವರು ನಾಲ್ವರು ಮಾತ್ರ, ಉಳಿದವರು ಹೊರಗಿನವರು ಎಂದು ತಮ್ಮ ಪಟ್ಟಿಯೇ ತಿಳಿಸುತ್ತದೆ, ಆದ್ದರಿಂದ ಮನವಿಯನ್ನು ಪರಿಗಣಿಸಲು ಬರುವುದಿಲ್ಲ.

ಆ ಕಾಗದವನ್ನು ನಾನು ನಿಂತುಕೊಂಡೇ ಓದಿದೆ. ಮತ್ತೆ ಕುಳಿತು ಓದಿದೆ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮದುವೆಯಾದ ಹುಡುಗಿಯನ್ನು ಊರು ಯಾವುದೆಂದು ಕೇಳಿದರೆ ಅವಳು ಗಂಡನ ಊರು ಹೇಳುತ್ತಾಳೆ. ಇಲ್ಲಿ ಇದ್ದು ಎರಡು ವರ್ಷವಾದರೂ ಅದು ತಾಯಿಮನೆ, ಊರಲ್ಲ. ವಿಚಿತ್ರ ನೋಡಿ, ಗೋತ್ರವನ್ನು ತಾಯಿಯ ಕಡೆಯಿಂದ ಹೇಳುವ ಜನ ನಾವು. ನನ್ನ ಮದುವೆಯಲ್ಲಿ ಕೇಳಿದ್ದೂ ಅಮ್ಮನ ಗೋತ್ರವನ್ನೇ. ಊರು ಮಾತ್ರ ಗಂಡನದು. ಹೆರಿಗೆಗೆ ಎಲ್ಲರೂ ತಾಯಿಮನೆಗೆ ಬರುತ್ತಾರೆ, ಸೂಜಿಯ ಲೆಕ್ಕ ಬರೆಯುವ ತಾಯಿ ಕಾರ್ಡು ಗಂಡನ ಊರಿನ ವಿಳಾಸಕ್ಕೆ ಆಗಿರುತ್ತದೆ. ಅಲ್ಲಿಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ "ತಾಯಿಮನೆಗೆ ಹೋಗಿದ್ದಾಳೆ" ಎಂದು ಬರೆಯುತ್ತಾರೆ, ಇಲ್ಲಿಯ ಪುಸ್ತಕದಲ್ಲಿ "ಗಂಡನ ಮನೆಯಲ್ಲಿ ನೋಂದಣಿ" ಎಂದು. ಹಿಬಾ ಎರಡೂ ಪುಸ್ತಕದಲ್ಲಿ ಇದ್ದಳು, ಎರಡರಲ್ಲೂ ಇರಲಿಲ್ಲ. ನನಗೂ ಇದೆಲ್ಲ ಗೊತ್ತಿತ್ತು. ನಾನೂ ಬಾಣಂತನಕ್ಕೆ ತಾಯಿಮನೆಗೆ ಹೋಗಿ ಬಂದವಳೇ. ಗೊತ್ತಿದ್ದೂ ಗೆರೆ ಎಳೆದು ಕಾಲಂ ಮಾಡಿ, ಹದಿಮೂರು ಮಕ್ಕಳನ್ನು ನನ್ನ ಕೈಯಾರೆ ಊರಿನಿಂದ ಹೊರಗೆ ಹಾಕಿದ್ದೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆದದ್ದಿಲ್ಲ, ಆಮೇಲೂ ಆಗಿಲ್ಲ.

ನೆಬಿಸಕ್ಕನಿಗೆ ಹೇಳಲು ಹೋದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಹಗುರವಾಗುತ್ತಿತ್ತು. ಅವರು ಹಿಬಾಳನ್ನು ಇನ್ನೊಂದು ಮಗ್ಗುಲಿಗೆ ಮಲಗಿಸಿ, "ಹೊರಗಿನವರು ಅಂತ ಬರೆದಿದ್ದಾರಾ? ಅದನ್ನು ಇನ್ನೊಮ್ಮೆ ಓದಿ" ಎಂದರು. ಓದಿದೆ. "ಗ್ರಾಮಸಭೆ ಯಾವಾಗ?" ಎಂದು ಕೇಳಿದರು.

ಅದರ ಮಧ್ಯೆ ಪಕ್ಕದ ಗ್ರಾಮದಲ್ಲಿ ಇಬ್ಬರು ಮಕ್ಕಳಿಗೆ ದಡಾರ ಎಂದು ಸುದ್ದಿ ಬಂತು. ಇಬ್ಬರೂ ಗುಣವಾದರು. ಆದರೆ ಆ ಹದಿನೈದು ದಿನ ನೆಬಿಸಕ್ಕ ಮಗುವನ್ನು ಅಂಗಳಕ್ಕೆ ಇಳಿಸಲಿಲ್ಲ. ದಿನಕ್ಕೆ ಹತ್ತು ಸಲ ಅದರ ಹಣೆ ಮುಟ್ಟಿ ನೋಡುತ್ತಿದ್ದರು ಎಂದು ಮುಮ್ತಾಜ್ ಹೇಳಿದಳು. ಬೀಡಿಯ ಲೆಕ್ಕ ಕೂಡ ತಪ್ಪುತ್ತಿತ್ತಂತೆ, ಮೂವತ್ತು ವರ್ಷದಲ್ಲಿ ಮೊದಲ ಸಲ.

ಸೋಣದಲ್ಲಿ ಗ್ರಾಮಸಭೆ. ಪಂಚಾಯತಿನ ಹಾಲಿಗೆ ತಗಡಿನ ಮಾಡು, ಮಳೆ ಬಂದರೆ ಮೈಕೂ ಕೇಳುವುದಿಲ್ಲ. ಕೃಷಿ ಇಲಾಖೆ, ವಿದ್ಯುತ್ ಇಲಾಖೆ ಎಂದು ಒಬ್ಬೊಬ್ಬರು ಎದ್ದು ಮಾಹಿತಿ ಓದುತ್ತಿದ್ದರು. ಗಂಡಸರು ಎಂದಿನಂತೆ ಮುಂದಿನ ಕುರ್ಚಿಗಳಲ್ಲಿ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಕೊಡೆಗಳು ಒಳಗೆ ಬಂದವು, ಕೊಡೆಗಳ ಅಡಿಯಲ್ಲಿ ತಾಯಂದಿರು, ಸೊಂಟದಲ್ಲಿ ಮಕ್ಕಳು. ಹದಿನೇಳೂ ಬಂದಿದ್ದವು. ನೆಬಿಸಕ್ಕ ಒಂದು ಹಳೆಯ ಸೀರೆಯನ್ನು ಕಿಟಕಿಯ ಸರಳಿಗೂ ಕಂಬಕ್ಕೂ ಕಟ್ಟಿ ತೊಟ್ಟಿಲು ಮಾಡಿ ಹಿಬಾಳನ್ನು ಅದರಲ್ಲಿ ಮಲಗಿಸಿದರು. ಪಶುವೈದ್ಯಕೀಯ ಇಲಾಖೆಯ ವರದಿಯ ಹೊತ್ತಿಗೆ ಒಂದು ಮಗು ಅಳಲು ಶುರು ಮಾಡಿತು. ಅದನ್ನು ನೋಡಿ ಇನ್ನೊಂದು. ಮತ್ತೆ ಯಾರಿಗೂ ಯಾರ ವರದಿಯೂ ಕೇಳಲಿಲ್ಲ.

ಅಧ್ಯಕ್ಷರು ಮೈಕಿನಲ್ಲಿ, "ಮಕ್ಕಳನ್ನು ಸ್ವಲ್ಪ ಹೊರಗೆ ಕರ್ಕೊಂಡು ಹೋಗುವ, ಆಗದಾ?" ಎಂದರು.

ನೆಬಿಸಕ್ಕ ಎದ್ದು ನಿಂತರು. ಅವರು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ನಮ್ಮೊಂದಿಗೆ ತುಳು. ಸಭೆಯಲ್ಲಿ ಮೂರನೇ ಕ್ಲಾಸಿನಲ್ಲಿ ಕಲಿತ ಕನ್ನಡವನ್ನು ಒಂದೊಂದೇ ಶಬ್ದ ಹುಡುಕಿ ಜೋಡಿಸಿದರು. "ಹೊರಗೆ ಯಾವುದಕ್ಕೆ? ಇವರು ಹೊರಗಿನವರು ಎಂದು ನೀವು ಕಾಗದದಲ್ಲಿ ಮೊದಲೇ ಬರೆದಿದ್ದೀರಿ. ಎರಡೆರಡು ಸಲ ಹೊರಗೆ ಹಾಕಬೇಡಿ."

ಹಾಲಿನಲ್ಲಿ ನಗು ಎದ್ದಿತು. ಆರೋಗ್ಯ ಇಲಾಖೆಯ ಪರವಾಗಿ ಬಂದಿದ್ದವರು ಹಾವೇರಿ ಕಡೆಯ ಒಬ್ಬ ಎಳೆ ಪ್ರಾಯದ ಡಾಕ್ಟರು, ಆ ಕಡೆಗೆ ಹೊಸಬರು. ಅವರು ಎದ್ದು ಮರ್ಯಾದೆಯಿಂದಲೇ ಹೇಳಿದರು. "ಅಮ್ಮಾ, ಸೂಜಿ ಯಾರಿಗೂ ಇಲ್ಲ ಅನ್ನಂಗಿಲ್ರೀ. ಯಾವ ಊರಿನ ಕೂಸು ಬಂದ್ರೂ ಹಾಕ್ತೀವಿ. ಆದ್ರ ಇಲ್ಲೇ ಬಂದು ಹಾಕಬೇಕಂದ್ರ ಊರಾಗ ಇಷ್ಟು ಮಕ್ಕಳದಾವ ಅಂತ ಕಾಗದದಾಗ ತೋರಿಸ್ಬೇಕಾಗ್ತದ."

"ಡಾಕ್ಟ್ರೇ, ನಿಮಗೆ ಮದುವೆ ಆಗಿದೆಯಾ?"

ಈಗ ಮುಂದಿನ ಕುರ್ಚಿಯವರೂ ಹಿಂದೆ ತಿರುಗಿದರು. ಡಾಕ್ಟರು, "ಆಗ್ಯದ್ರೀ" ಎಂದರು.

"ಮಕ್ಕಳು?"

"ಒಬ್ಬಾಕಿ ಮಗಳು. ಐದು ತಿಂಗಳು."

"ಈಗ ಎಲ್ಲಿ ಉಂಟು ಮಗು?"

"ತವರುಮನ್ಯಾಗ ಅದಾಳ್ರೀ. ನನ್ನ ಹೆಂಡ್ತಿ ತವರುಮನಿ, ಹಾವೇರಿ ಹತ್ರ."

"ಕಾರ್ಡಿನಲ್ಲಿ ಊರು ಯಾವುದು ಎಂದು ಬರೆಸಿದ್ದೀರಿ?"

ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಮಳೆ ಅದೇ ಹೊತ್ತಿಗೆ ಸ್ವಲ್ಪ ಕಡಿಮೆಯಾಗಿತ್ತು. "ಈ ಕಡೀದ ಬರೆಸೀನ್ರೀ. ಬೆಳ್ತಂಗಡಿ" ಎಂದರು.

"ಹಾಗಾದರೆ ಸೂಜಿ ಬೆಳ್ತಂಗಡಿಯಲ್ಲಿ ಉಂಟು, ಮಗು ಹಾವೇರಿಯಲ್ಲಿ ಉಂಟು. ಯಾರು ಯಾರನ್ನು ಹುಡುಕಿಕೊಂಡು ಬರುವುದು? ನನಗೆ ಕಾಗದ ಗೊತ್ತಿಲ್ಲ ಡಾಕ್ಟ್ರೇ. ಈ ಮಗು ಅಳುವುದು ಇಲ್ಲಿ. ಕೇಳುವುದು ನಾವು. ಇದಕ್ಕೆ ಜ್ವರ ಬಂದರೆ ಬಂಟ್ವಾಳದ ಬಾಗಿಲ ಬೀಗ ಬಂದು ಎತ್ತಿಕೊಳ್ಳುವುದಿಲ್ಲ. ನನ್ನ ಒಂದು ಮಗು ಈ ಗುಡ್ಡದಲ್ಲಿಯೇ ಹೋಗಿದೆ, ಅದರ ಊರು ಯಾವುದೆಂದು ಆಗ ಯಾರೂ ಕೇಳಲಿಲ್ಲ."

ನನ್ನ ಕಾಲು ನನ್ನನ್ನು ಕೇಳದೆಯೇ ಎದ್ದು ನಿಂತಿತು. ಲೈಬ್ರರಿಯವರು ಗ್ರಾಮಸಭೆಯಲ್ಲಿ ಮಾತಾಡುವ ಕ್ರಮ ಇಲ್ಲ. ಅಧ್ಯಕ್ಷರು ಹುಬ್ಬು ಏರಿಸಿದ್ದು ಕಂಡಿತು. "ಆ ಪಟ್ಟಿ ಬರೆದದ್ದು ನಾನು. ಅವರು ತಪ್ಪು ಹೇಳಲಿಲ್ಲ, ನಾನು ತಪ್ಪು ಕೇಳಿದೆ. ಮಗು ಈಗ ಎಲ್ಲಿ ಮಲಗುತ್ತದೆ ಎಂದು ಕೇಳಬೇಕಿತ್ತು" ಎಂದೆ. ಅಷ್ಟೇ ಹೇಳಿದ್ದು. ವಿನಮ್ರವಾಗಿ ಎಂಬ ಶಬ್ದ ಆ ದಿನ ನೆನಪಿಗೇ ಬರಲಿಲ್ಲ.

ಡಾಕ್ಟರು ಪೆನ್ನು ತೆಗೆದು ತೊಟ್ಟಿಲ ಹತ್ತಿರದಿಂದಲೇ ಎಣಿಸಲು ಶುರು ಮಾಡಿದರು. ಮಗು ವಾಸವಿರುವ ಸ್ಥಳವನ್ನೇ ಲಸಿಕೆಯ ಮಟ್ಟಿಗೆ ಅದರ ಊರೆಂದು ಎಣಿಸಬೇಕು, ಕಾಯರ್‌ಪಾದೆಯ ಗುರುವಾರವನ್ನು ಮರಳಿ ಕೊಡಬೇಕು ಎಂದು ನಿರ್ಣಯವಾಯಿತು. ಆದರೆ ನಿರ್ಣಯಗಳು ಫೈಲಿನಲ್ಲಿ ಎಷ್ಟು ಸುಖವಾಗಿ ಮಲಗುತ್ತವೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಮರುದಿನ ಕಪಾಟಿನಿಂದ ಆ ಕಾರ್ಡುಗಳನ್ನು ಹೊರಗೆ ತೆಗೆದೆ. ಹದಿನೇಳು ತಾಯಂದಿರೂ ಶಾಸಕರಿಗೆ ತಮ್ಮ ಕೈಯಲ್ಲೇ ಬರೆದರು. ನಾನು ಒಂದಕ್ಷರ ತಿದ್ದಲಿಲ್ಲ. ಹೆಚ್ಚಿನ ಕಾರ್ಡಿನಲ್ಲಿದ್ದದ್ದು ಒಂದೇ ಸಾಲು: "ನನ್ನ ಮಗು ಈಗ ಇಲ್ಲಿ ಉಂಟು." ಕೆಳಗೆ ಮಗುವಿನ ಹೆಸರು. ಮುಮ್ತಾಜ್ ಹಿಬಾಳ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದಳು. ಅದು ಹೆಬ್ಬೆರಳಿನ ಗುರುತಿಗಿಂತ ಜಾಸ್ತಿ ಜೊಲ್ಲಿನ ಗುರುತಾಗಿತ್ತು.

ವಾರ ಕಳೆದು ಶಾಸಕರು ಪಂಚಾಯತಿಗೆ ಫೋನು ಮಾಡಿದರಂತೆ. ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಡಾಕ್ಟರು ಅದಕ್ಕಿಂತ ಮೊದಲೇ ತಮ್ಮ ಮೇಲಿನವರಿಗೆ ಹೊಸ ಲೆಕ್ಕ ಕೊಟ್ಟಾಗಿತ್ತು ಎಂದು ವನಜ ಆಮೇಲೆ ಹೇಳಿದಳು. ಕಾರ್ಡಿನಿಂದ ಆದದ್ದೋ, ಲೆಕ್ಕದಿಂದ ಆದದ್ದೋ, ಅಂತೂ ಚೌತಿ ಕಳೆದ ಮೇಲಿನ ಗುರುವಾರ ಎಂದು ದಿನ ಗೊತ್ತಾಯಿತು. ರಾಯಚೂರಿನ ಹುಡುಗಿಗೆ ನಿರ್ಣಯದ ಫೋಟೋ ಕಳುಹಿಸಿದೆ. ಅವಳು ಅದನ್ನು ಹಿಡಿದುಕೊಂಡು ಲಾಯಿಲದಲ್ಲಿ, ಬಂಟ್ವಾಳದ ಒಳಗಿನ ಎರಡು ಊರುಗಳಲ್ಲಿ ಮಾತಾಡಿದಳಂತೆ. ಅಲ್ಲಿಯ ಹೆಂಗಸರು ನಮಗೂ ಅದರ ನಕಲು ಬೇಕು ಎಂದರಂತೆ. ನಾನು ಜೆರಾಕ್ಸ್ ಮಾಡಿ ಮಾಡಿ ಕಳುಹಿಸಿದೆ, ಬಹಳ ಸಂತೋಷದಿಂದ.

ಆ ಗುರುವಾರ ಬೆಳಗ್ಗೆ ಬಿಸಿಲು ಬಿದ್ದಿತ್ತು. ಸಿಸ್ಟರ್ ಬರುವ ಒಂದು ಗಂಟೆ ಮೊದಲೇ ಅಂಗನವಾಡಿಯ ಮೆಟ್ಟಿಲಿನಲ್ಲಿ ನೆಬಿಸಕ್ಕ ಸಾಲಿನ ಮೊದಲು ಕುಳಿತಾಗಿತ್ತು. ಹಿಬಾಳಿಗೆ ಹೊಸ ಅಂಗಿ, ಕಣ್ಣಿಗೆ ಕಾಡಿಗೆ. "ಮೊದಲ ಬಾಟಲಿಯ ಮೊದಲ ಸೂಜಿ ಇವಳಿಗೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಯಾರೂ ತಕರಾರು ಮಾಡಲಿಲ್ಲ. ಅದು ಅವರ ಹಕ್ಕು ಎಂದು ಎಲ್ಲರಿಗೂ ಅನ್ನಿಸಿತ್ತು. ಡಾಕ್ಟರೂ ಬಂದಿದ್ದರು. ಸೂಜಿಯ ಲೆಕ್ಕದ ಪುಸ್ತಕ ಬರೆಯಲು ನಾನು ಕುಳಿತೆ.

ಪೆಟ್ಟಿಗೆ ತೆರೆಯುವ ಹೊತ್ತಿಗೆ ಅಂಗಳದ ಬದಿಯಲ್ಲಿ ಯಾರೋ ನಿಂತಿದ್ದು ಕಂಡಿತು. ಸಣ್ಣ ಪ್ರಾಯದ ಹೆಂಗಸು, ಸೆರಗಿನಲ್ಲಿ ಸುತ್ತಿದ ಮಗು, ಕಾಲಿಗೆ ಕೆಂಪು ಕಲ್ಲಿನ ಧೂಳು. ಗುಡ್ಡದ ಹಿಂದಿನ ಕಲ್ಲು ಕಡಿಯುವ ಕೋರೆಗೆ ಜಾರ್ಖಂಡಿನಿಂದ ಕೆಲಸಕ್ಕೆ ಬಂದ ನಾಲ್ಕೈದು ಕುಟುಂಬಗಳಿವೆ ಎಂದು ನಮಗೆ ಗೊತ್ತಿತ್ತು. ಅಲ್ಲಿ ಮಗು ಉಂಟೋ ಎಂದು ನಾವು ಯಾರೂ ವಿಚಾರಿಸಿರಲಿಲ್ಲ. ಇಷ್ಟೆಲ್ಲ ಹೋರಾಟ ಮಾಡಿದ ನಮ್ಮ ಹದಿನೇಳರ ಪಟ್ಟಿಯಲ್ಲಿ ಅದು ಇರಲಿಲ್ಲ. ಆಕೆ ಹಿಂದಿಯಲ್ಲಿ ಏನೋ ಕೇಳಿದಳು. ವನಜ, "ಕಾರ್ಡು? ಆಧಾರ್?" ಎಂದಳು. ಆಕೆ ತಲೆ ಆಡಿಸಿ ಹಿಂದೆ ಸರಿದಳು, ಹೋಗಲು ತಿರುಗಿದಳು.

ನೆಬಿಸಕ್ಕ ಹಿಬಾಳನ್ನು ಮುಮ್ತಾಜಳ ಕೈಗೆ ಕೊಟ್ಟು ಮೆಟ್ಟಿಲು ಇಳಿದರು. ಅವರ ಹಿಂದಿ ಸೌದಿಯ ಅಳಿಯನೊಂದಿಗೆ ಫೋನಿನಲ್ಲಿ ಆಡುವ ತಮಾಷೆಯಷ್ಟೇ. ಮಾತಿಗೆ ಹೋಗದೆ ಆಕೆಯ ಮೊಣಕೈ ಹಿಡಿದು ಕರೆತಂದು, ಸಾಲಿನ ಮೊದಲಲ್ಲಿ, ತಾವು ಕುಳಿತಿದ್ದ ಜಾಗದಲ್ಲಿ ಕುಳ್ಳಿರಿಸಿದರು.

"ಇದರದ್ದು ಮೊದಲು ಆಗಲಿ. ನಮ್ಮದು ಇಲ್ಲಿಯೇ ಉಂಟಲ್ಲ, ಎಲ್ಲಿಗೆ ಹೋಗ್ತದೆ" ಎಂದರು.

ಸಿಸ್ಟರ್ ಬಾಟಲಿ ಒಡೆದರು. ಮಗು ಚೀರಿತು. ಡಾಕ್ಟರು ಹಿಂದಿಯಲ್ಲಿ ಹೆಸರು ಕೇಳಿ ನನಗೆ ಹೇಳಿದರು, ಬರೆದುಕೊಂಡೆ. ಮುಂದಿನ ಕಾಲಂ ಊರು. ಆಕೆಯ ಊರಿನ ಹೆಸರನ್ನು ಹೇಗೆ ಬರೆಯುವುದೆಂದು ಕೇಳಲು ನಾನು ತಲೆ ಎತ್ತಿದೆ, ಆಮೇಲೆ ಕೇಳಲಿಲ್ಲ. ಕಾಯರ್‌ಪಾದೆ ಎಂದು ಬರೆದೆ.